ತೆರೆದ ಟ್ರೇಯಲ್ಲಿ ಶೀಟ್ ಫಿಲ್ಮ್ ತೊಳೆಯುವುದು: ಬೆಳಕಲ್ಲಿ ಕಲಿತು ಕತ್ತಲಿಗೆ ಹೋಗಿ

4×5 ಇಂಚಿನ ಬಿಡಿ ಹಾಳೆಯ ಫಿಲ್ಮ್ (ಶೀಟ್ ಫಿಲ್ಮ್) ಹಾಕುವ ಕ್ಯಾಮೆರಾ ಕೊಂಡವರು ಮೊದಲು ಕೇಳೋದು, ‘ಯಾವ ಟ್ಯಾಂಕ್ ತಗೊಳ್ಳಲಿ?’ ಅಂತ. ಸದ್ಯಕ್ಕೆ ಯಾವುದೂ ಬೇಡ ಅನ್ನುತ್ತೇನೆ. ನಾಲ್ಕು ಟ್ರೇ, ಒಂದು ಥರ್ಮಾಮೀಟರ್, ಪೂರ್ತಿ ಕತ್ತಲಾಗುವ ಒಂದು ಕೋಣೆ ಇದ್ದರೆ ಸಾಕು. ಉಳಿದ ಕೆಲಸ ಬೆರಳುಗಳದ್ದು. ಹಾಸನದಲ್ಲಿದ್ದ ನಮ್ಮ ಚಿಕ್ಕಪ್ಪನ ಸ್ಟುಡಿಯೋದಲ್ಲಿ ಶೀಟ್ ಫಿಲ್ಮನ್ನು ತೊಳೆಯುತ್ತಿದ್ದದ್ದು, ಅಂದ್ರೆ ಡೆವಲಪ್ ಮಾಡುತ್ತಿದ್ದದ್ದು, ಹೀಗೇ. ಮೈಸೂರಿನ ನನ್ನ ಮನೆಯ ಬಚ್ಚಲಲ್ಲಿ ಇವತ್ತಿಗೂ ನಾನು ಹೀಗೇ ತೊಳೆಯುತ್ತೇನೆ.

ಟ್ರೇ ಅಂದ್ರೆ ಜನ ಹೆದರುತ್ತಾರೆ. ಗೀರು ಬೀಳುತ್ತೆ, ಕಲೆ ಆಗುತ್ತೆ ಅಂತ. ಬೀಳೋದು ನಿಜ. ಆದರೆ ಅದಕ್ಕೆ ಕಾರಣ ಕತ್ತಲಲ್ಲ. ಆ ಕೆಲಸವನ್ನು ಕೈ ಮೊದಲ ಸಲ ಕತ್ತಲಲ್ಲೇ ಮಾಡುತ್ತಿರುತ್ತೆ, ಅದು ಕಾರಣ. ಹಾಗಾಗಿ ರಾಸಾಯನಿಕದ ವಿಚಾರಕ್ಕಿಂತ ಕೈಯ ವಿಚಾರವೇ ಇಲ್ಲಿ ಜಾಸ್ತಿ ಇರುತ್ತೆ.

ಟ್ರೇ ಎಂಥದ್ದು ಬೇಕು

ತಳ ಸಪಾಟಾಗಿರಬೇಕು. ಪ್ರಿಂಟ್ ಮಾಡುವ ಟ್ರೇಗಳ ತಳದಲ್ಲಿ ಉಬ್ಬು ಗೆರೆಗಳಿರುತ್ತವೆ. ಕಾಗದಕ್ಕೆ ಅದು ಒಳ್ಳೆಯದು, ಫಿಲ್ಮಿಗೆ ಕೆಟ್ಟದ್ದು. ನಾನು ಬಳಸೋದು ಪಾತ್ರೆ ಅಂಗಡಿಯಲ್ಲಿ ಸಿಗುವ ಚೌಕದ ಸ್ಟೀಲ್ ಟ್ರೇ. ಕೊಳ್ಳುವಾಗ ತಳದ ಮೇಲೆ ಉಗುರು ಆಡಿಸಿ ನೋಡಿ. ಎಲ್ಲಾದರೂ ತಡೆದರೆ ಬೇಡ. ಒಮ್ಮೆ ಕೆಮಿಕಲ್‌ಗೆ ಇಳಿದ ಟ್ರೇ ಮತ್ತೆ ಅಡುಗೆಮನೆಗೆ ಹೋಗಬಾರದು.

4×5 ಶೀಟಿಗೆ 5×7 ಅಥವಾ 8×10 ಇಂಚಿನ ಟ್ರೇ ಸರಿ. ಮೊದಮೊದಲು ಚಿಕ್ಕದೇ ವಾಸಿ, ಯಾಕಂದ್ರೆ ಶೀಟುಗಳು ಅತ್ತಿತ್ತ ತೇಲಿ ಹೋಗುವುದಿಲ್ಲ. 5×7 ಟ್ರೇಗೆ ಅರ್ಧ ಲೀಟರ್ ಹಾಕಿದರೆ ಎರಡು ಸೆಂಟಿಮೀಟರ್ ಆಳ ಬರುತ್ತೆ. ಅಷ್ಟು ಆಳ ಬೇಕೇ ಬೇಕು, ಇಲ್ಲದಿದ್ದರೆ ಶೀಟುಗಳ ನಡುವೆ ದ್ರವ ಓಡಾಡಲ್ಲ.

ಟ್ರೇಗಳನ್ನು ಎಡದಿಂದ ಬಲಕ್ಕೆ ಜೋಡಿಸಿ: ನೀರು, ಡೆವಲಪರ್ (ಚಿತ್ರ ಮೂಡಿಸುವ ದ್ರವ), ಸ್ಟಾಪ್ (ಡೆವಲಪರ್‌ನ ಕೆಲಸ ನಿಲ್ಲಿಸುವ ದ್ರವ), ಹೈಪೋ (ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ಫಿಕ್ಸರ್). ಪ್ರತಿ ಸಲವೂ ಇದೇ ಕ್ರಮ, ಇದೇ ಜಾಗ, ನಡುವೆ ಇದೇ ಅಂತರ. ದೀಪ ಆರಿದ ಮೇಲೆ ಟ್ರೇ ಹುಡುಕುವ ಹಾಗಾಗಬಾರದು.

ಕೋಣೆ

ರಾತ್ರಿ ಮಾಡೋದು ಸುಲಭ. ಬಚ್ಚಲಿನ ವೆಂಟಿಲೇಟರ್‌ಗೆ ಕಪ್ಪು ರಟ್ಟು, ಬಾಗಿಲ ಕೆಳಗಿನ ಸಂದಿಗೆ ಮಡಚಿದ ಟವೆಲ್. ಗೀಸರ್‌ನ ಕೆಂಪು ದೀಪ, ವಾಷಿಂಗ್ ಮೆಷಿನ್‌ನ ಅಂಕಿಗಳು, ಕೈಗಡಿಯಾರದ ಹೊಳೆಯುವ ಮುಳ್ಳು, ಎಲ್ಲವೂ ಆರಬೇಕು ಅಥವಾ ಹೊರಗೆ ಹೋಗಬೇಕು. ದೀಪ ಆರಿಸಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮೊದಲ ನಿಮಿಷದಲ್ಲಿ ಕಾಣದ ಸೋರಿಕೆ ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಾಣುತ್ತೆ. ಬಾಗಿಲ ಕೀಲಿನ ಹತ್ತಿರ ನೂಲಿನಷ್ಟು ಬೆಳಕು ಬಂದರೂ ಟೇಪ್ ಹಾಕಿ. ಎಫ್‌ಪಿ4, ಎಚ್‌ಪಿ5, ಟ್ರೈ-ಎಕ್ಸ್, ಫೋಮಾ ಎಲ್ಲವೂ ಪ್ಯಾನ್ ಫಿಲ್ಮುಗಳು, ಅಂದ್ರೆ ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವಂಥವು. ಇವಕ್ಕೆ ಕೆಂಪು ದೀಪವೂ ಆಗದು.

ಇನ್ವರ್ಟರ್ ಇರುವ ಮನೆಯಾದರೆ ಒಂದು ಮಾತು. ಕರೆಂಟ್ ಹೋದಾಗ ತಾನಾಗಿ ಹೊತ್ತಿಕೊಳ್ಳುವ ಎಮರ್ಜೆನ್ಸಿ ದೀಪ ಬಚ್ಚಲಲ್ಲಿದ್ದರೆ ಅದನ್ನು ತೆಗೆದಿಡಿ. ಕರೆಂಟ್ ಹೋದರೆ ನಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ.

ಸಮಯಕ್ಕೆ ನಾನು ಫೋನಿನಲ್ಲಿ ನನ್ನ ದನಿಯನ್ನೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ‘ಶುರು’ ಅಂತ ಹೇಳಿ, ಆಮೇಲೆ ಐದೈದು ಸೆಕೆಂಡಿಗೆ ಮೇಜಿಗೆ ಒಂದು ತಟ್ಟು, ನಿಮಿಷಕ್ಕೊಮ್ಮೆ ‘ಒಂದಾಯ್ತು’, ‘ಎರಡಾಯ್ತು’. ಫೋನು ಬಾಗಿಲಾಚೆ ಮಗುಚಿ ಬಿದ್ದಿರುತ್ತೆ, ದನಿ ಮಾತ್ರ ಒಳಗೆ ಬರುತ್ತೆ. ಆ ತಟ್ಟು ಎಷ್ಟು ಸಹಾಯ ಅನ್ನೋದು ಕೆಳಗೆ ಗೊತ್ತಾಗುತ್ತೆ.

ನೀರು ಮತ್ತು ಬಿಸಿಲು

ಪೊಟ್ಟಣದ ಮೇಲೆ ಬರೆದಿರುವ ಸಮಯವೆಲ್ಲ ಸಾಮಾನ್ಯವಾಗಿ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ಮೇಲಿನ ಟ್ಯಾಂಕಿನಿಂದ ಬರುವ ನೀರು ಅದಕ್ಕಿಂತ ಎಷ್ಟೋ ಬಿಸಿ. ಬಿಸಿ ಹೆಚ್ಚಾದಷ್ಟೂ ಡೆವಲಪರ್ ಚುರುಕಾಗುತ್ತೆ. ಡಿಗ್ರಿಗೆ ಸುಮಾರು ಹತ್ತು ಶೇಕಡ ಸಮಯ ಇಳಿಸಬೇಕು. ಎಫ್‌ಪಿ4 ಫಿಲ್ಮಿಗೆ ಐಡಿ-11 ಡೆವಲಪರನ್ನು ಸಮ ನೀರಿಗೆ ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. 24ರಲ್ಲಿ ಅದು ಸುಮಾರು ಏಳೂವರೆಗೆ ಇಳಿಯುತ್ತೆ. ಅಲ್ಲಿಯವರೆಗೆ ಪರವಾಗಿಲ್ಲ. ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಟ್ರೇಯಲ್ಲಿ ಸಮನಾಗಿ ತೊಳೆಯೋದು ಕಷ್ಟ. ಹಾಗಾಗಿ ನೀರನ್ನೇ ತಣ್ಣಗೆ ಮಾಡಬೇಕು.

ನಾನು ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಡುತ್ತೇನೆ. ಮೈಸೂರಿನ ಒಣ ಬೇಸಿಗೆಯಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತೆ. ಮಂಗಳೂರು, ಉಡುಪಿ ಕಡೆ ಗಾಳಿಯಲ್ಲೇ ತೇವ ಇರೋದರಿಂದ ಮಡಕೆ ಅಷ್ಟು ತಣಿಯಲ್ಲ. ಅಲ್ಲಿ ಐಸ್ ಬೇಕು. ಐಸನ್ನು ಡೆವಲಪರ್‌ಗೆ ನೇರವಾಗಿ ಹಾಕಬೇಡಿ, ಅದು ತೆಳುವಾಗುತ್ತೆ. ದೊಡ್ಡ ಪ್ಲಾಸ್ಟಿಕ್ ಬೇಸಿನ್‌ನಲ್ಲಿ ತಣ್ಣೀರು ಹಾಕಿ, ಅದರೊಳಗೆ ಡೆವಲಪರ್ ಟ್ರೇ ಇಡಿ. ಬೇಸಿನ್ ನೀರಿಗೆ ಐಸ್ ಹಾಕಿ ಹಿಡಿತಕ್ಕೆ ತನ್ನಿ.

ನಾಲ್ಕೂ ಟ್ರೇಗಳ ಬಿಸಿ ಹೆಚ್ಚುಕಡಿಮೆ ಒಂದೇ ಇರಲಿ. 22 ಡಿಗ್ರಿಯ ಡೆವಲಪರ್‌ನಿಂದ ತೆಗೆದು 30 ಡಿಗ್ರಿಯ ನೀರಿಗೆ ಹಾಕಿದರೆ ಫಿಲ್ಮಿನ ಮೇಲಿರುವ ಜೆಲಟಿನ್ ಉಬ್ಬಿ ಮೆದುವಾಗುತ್ತೆ. ಆಗ ಬೆರಳು ತಾಕಿದರೂ ಗುರುತು ಉಳಿಯುತ್ತೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಡೆವಲಪರ್ ಕಲಸಲು ಆರ್‌ಓ ನೀರು ಬಳಸಿ. ಹೈಪೋ ಆದ ಮೇಲೆ ಫಿಲ್ಮನ್ನು ನೀರಲ್ಲಿ ತೊಳೆಯಲು ನಲ್ಲಿ ನೀರೇ ಸಾಕು. ಕೊನೆಯ ಒಂದು ಅದ್ದಿಗೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೇಕು.

ಕೆಮಿಕಲ್

ಡೆವಲಪರ್ ಆಗಿ ಡಿ-76 ಅಥವಾ ಐಡಿ-11 ಸಾಕು. ಎರಡರ ಗುಣವೂ ಒಂದೇ. ಪೊಟ್ಟಣ ಸಿಗದಿದ್ದರೆ ಡಿ-76 ಮನೆಯಲ್ಲೇ ಕಲಸಬಹುದು. 1920ರ ದಶಕದ ಸೂತ್ರ ಅದು, ಯಾರು ಬೇಕಾದರೂ ಮಾಡಬಹುದು. ಮುಕ್ಕಾಲು ಲೀಟರ್ ಬೆಚ್ಚಗಿನ ನೀರಿಗೆ, ಅಂದ್ರೆ ಸುಮಾರು 50 ಡಿಗ್ರಿ, ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಇದೇ ಕ್ರಮದಲ್ಲಿ ಹಾಕಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಆಮೇಲೆ ಲೀಟರಿಗೆ ತನ್ನಿ. ಮೆಟಾಲ್ ಮೊದಲು ಯಾಕೆ ಅಂದ್ರೆ, ಸಲ್ಫೈಟ್ ತುಂಬಿದ ನೀರಲ್ಲಿ ಅದು ಕರಗಲು ಒಪ್ಪಲ್ಲ. ಮೊದಲೇ ಒಂದು ಚಿಟಿಕೆ ಸಲ್ಫೈಟ್ ಹಾಕಿದರೆ ಮೆಟಾಲ್ ಗಾಳಿಗೆ ಕೆಡದೆ ಉಳಿಯುತ್ತೆ. ಕಲಸಿದ ದಿನ ಬಿಟ್ಟು ಮರುದಿನ ಬಳಸಿ.

ಎಷ್ಟು ಶೀಟಿಗೆ ಎಷ್ಟು ಡೆವಲಪರ್ ಅನ್ನೋದನ್ನು ಜನ ಮರೆಯುತ್ತಾರೆ. ನಾಲ್ಕು 4×5 ಶೀಟು ಸೇರಿದರೆ 36 ಫ್ರೇಮಿನ ಒಂದು ರೋಲಿನಷ್ಟು ವಿಸ್ತಾರ. ಸಮ ನೀರು ಬೆರೆಸಿದ ಡಿ-76 ಆದರೆ ಅದಕ್ಕೆ ಅರ್ಧ ಲೀಟರ್ ಬೇಕು. ಆರು ಶೀಟಿಗೆ ಮುಕ್ಕಾಲು ಲೀಟರ್. ಬಳಸಿದ ಮೇಲೆ ಚೆಲ್ಲಿಬಿಡಿ, ಬೆರೆಸಿದ್ದನ್ನು ಮತ್ತೆ ಬಾಟಲಿಗೆ ಹಾಕಬೇಡಿ.

ಸ್ಟಾಪ್‌ಗೆ ಒಂದೆರಡು ಶೇಕಡದ ಅಸಿಟಿಕ್ ಆಸಿಡ್. ಇಲ್ಲದಿದ್ದರೆ ಬರೀ ನೀರೂ ನಡೆಯುತ್ತೆ. ಹೈಪೋ ಬದಲು ರ‍್ಯಾಪಿಡ್ ಫಿಕ್ಸರ್ ಸಿಕ್ಕರೆ ಕೆಲಸ ಬೇಗ ಆಗುತ್ತೆ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರಲ್ಲ, ಕೆರೆತ ಶುರುವಾದರೆ ಬಿಡಲ್ಲ. ಗ್ಲೌಸ್ ಬೆರಳಿಗೆ ಅಂಟಿಕೊಂಡಂತೆ ಬಿಗಿಯಾಗಿರಲಿ. ಸಡಿಲವಾದರೆ ತುದಿಯ ಮಡಿಕೆಯೇ ಫಿಲ್ಮನ್ನು ಗೀರುತ್ತೆ. ಉಂಗುರ, ಬಳೆ ತೆಗೆದಿಡಿ. ಉಗುರು ಕತ್ತರಿಸಿ.

ಬೆಳಕಲ್ಲಿ ಅಭ್ಯಾಸ

ಹಾಳಾದ ಶೀಟುಗಳು ನಾಲ್ಕು ಬೇಕು. ಇಲ್ಲದಿದ್ದರೆ ಹಳೆಯ ಎಕ್ಸ್-ರೇ ಫಿಲ್ಮನ್ನು 4×5 ಅಳತೆಗೆ ಕತ್ತರಿಸಿಕೊಳ್ಳಿ. ಟ್ರೇಗೆ ಬರೀ ನೀರು ತುಂಬಿ, ಹಗಲಲ್ಲಿ ಕಣ್ಣು ಬಿಟ್ಟುಕೊಂಡು ಮಾಡಿ. ಆಮೇಲೆ ಕಣ್ಣು ಮುಚ್ಚಿ ಮಾಡಿ. ಕಣ್ಣು ಮುಚ್ಚಿ ತಡವರಿಸದೆ ಬಂದ ಮೇಲೆ ಮಾತ್ರ ನಿಜವಾದ ಫಿಲ್ಮ್.

ಮೊದಲು ಫಿಲ್ಮಿನ ಮುಖ ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು. ಶೀಟನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮೇಲಂಚಿನ ಬಲ ಮೂಲೆಯಲ್ಲಿ ಅಂಚಲ್ಲಿ ಕತ್ತರಿಸಿದ ಸಣ್ಣ ಕಚ್ಚುಗಳು ಸಿಕ್ಕರೆ ಎಮಲ್ಷನ್ (ಚಿತ್ರ ಮೂಡುವ ಜೆಲಟಿನ್ ಪದರ) ನಿಮ್ಮ ಕಡೆಗಿದೆ. ಕಚ್ಚಿನ ಆಕಾರ ಒಂದೊಂದು ಫಿಲ್ಮಿಗೆ ಒಂದೊಂದು ಥರ. ಎಮಲ್ಷನ್ ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ ಅಂತ ಎರಡು ಪಂಗಡ ಇದೆ. ಕೆಳಗೆ ಹಾಕುವವರು ಹೇಳೋದು, ಮೇಲೆ ಬರುವ ಶೀಟಿನ ಮೂಲೆ ಎಮಲ್ಷನ್ನಿಗೆ ತಾಕಲ್ಲ ಅಂತ. ನಾನು ಮೇಲೆ ಹಾಕುತ್ತೇನೆ. ಟ್ರೇಯ ತಳಕ್ಕೆ ಎಮಲ್ಷನ್ ಉಜ್ಜೋದು ನನಗೆ ಇನ್ನೂ ದೊಡ್ಡ ಭಯ. ಮೂಲೆಯನ್ನು ಕೈ ನೋಡಿಕೊಳ್ಳುತ್ತೆ, ತಳವನ್ನು ಯಾರು ನೋಡಿಕೊಳ್ಳೋದು?

ಈಗ ನೀರಿನ ಟ್ರೇ. ಎಡಗೈ ಒಣಗಿರಲಿ, ಅದರಲ್ಲಿ ಶೀಟುಗಳ ಕಟ್ಟು. ಬಲಗೈ ಒದ್ದೆ. ಎಡಗೈಯಿಂದ ಒಂದು ಶೀಟನ್ನು ಸರಿಸಿ ಬಲಗೈಗೆ ಕೊಡಿ. ಬಲಗೈ ಅದನ್ನು ನೀರಿನ ಮೇಲೆ ಸಪಾಟಾಗಿ ಬಿಟ್ಟು, ಬೆರಳಿನ ಮೆತ್ತನೆ ಭಾಗದಿಂದ ಒತ್ತಿ ಮುಳುಗಿಸಲಿ. ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು. ಎರಡು ಒಣ ಶೀಟು ಒಟ್ಟಿಗೆ ನೀರಿಗೆ ಬಿದ್ದರೆ ಹಸಿ ಹಪ್ಪಳದ ಹಾಗೆ ಅಂಟಿಕೊಳ್ಳುತ್ತವೆ. ಎಳೆದು ಬಿಡಿಸಲು ಹೋದರೆ ಎಮಲ್ಷನ್ ಕಿತ್ತು ಬರುತ್ತೆ. ಅಂಟಿಕೊಂಡರೆ ಎಳೆಯಬೇಡಿ. ಎರಡನ್ನೂ ನೀರೊಳಗೇ ಬಿಟ್ಟು ಒಂದು ಮೂಲೆಯಿಂದ ನೀರು ನುಗ್ಗುವವರೆಗೆ ಕಾಯಿರಿ. ಪೂರ್ತಿ ನೆನೆದ ಮೇಲೆ ಅಂಟುವ ಭಯ ಇಲ್ಲ. ಈ ನೆನೆಸುವಿಕೆ ಇರೋದೇ ಅದಕ್ಕೆ. ಎರಡು ಮೂರು ನಿಮಿಷ ಸಾಕು.

ಮೊದಲನೇ ಶೀಟನ್ನು ಮಾತ್ರ 180 ಡಿಗ್ರಿ ತಿರುಗಿಸಿ ಹಾಕಿ. ಬೇರೆಲ್ಲದರ ಕಚ್ಚು ಆಚೆ ಬಲ ಮೂಲೆಯಲ್ಲಿದ್ದರೆ ಇದರದ್ದು ಈಚೆ ಎಡ ಮೂಲೆಯಲ್ಲಿರುತ್ತೆ. ಕತ್ತಲಲ್ಲಿ ಆ ಕಚ್ಚು ಬೆರಳಿಗೆ ಸಿಕ್ಕಾಗ ಒಂದು ಸುತ್ತು ಮುಗಿಯಿತು ಅಂತ ಲೆಕ್ಕ.

ಇನ್ನು ಇಡೀ ಕೆಲಸದ ಪ್ರಾಣ: ಅಡಿಯದನ್ನು ತೆಗೆದು ಮೇಲಿಡುವುದು. ಕಟ್ಟನ್ನು ಎಡಗೈಯ ಬೆರಳುಗಳಿಂದ ಟ್ರೇಯ ಒಂದು ಮೂಲೆಗೆ ಹಗುರವಾಗಿ ಒರಗಿಸಿ ಹಿಡಿಯಿರಿ. ಬಲಗೈಯ ತೋರುಬೆರಳು ತಳಕ್ಕೆ ಇಳಿದು ಅತಿ ಕೆಳಗಿನ ಶೀಟಿನ ಉದ್ದದ ಅಂಚನ್ನು ಎತ್ತಲಿ. ಹೆಬ್ಬೆರಳು ಅಂಚನ್ನು ಮಾತ್ರ ಹಿಡಿಯಲಿ, ಮುಖವನ್ನಲ್ಲ. ಈಗ ಅದನ್ನು ನಿಮ್ಮ ಕಡೆಗೆ ನೇರವಾಗಿ, ತಳಕ್ಕೆ ಸಮನಾಗಿ ಎಳೆಯಿರಿ. ಬಗ್ಗಿಸಬೇಡಿ. ಬಗ್ಗಿದರೆ ಅದರ ಮೇಲಿರುವ ಶೀಟಿಗೆ ಮೂಲೆ ತಾಕುತ್ತೆ. ಪೂರ್ತಿ ಹೊರಬಂದ ಮೇಲೆ ದ್ರವದಿಂದ ಎತ್ತಿ, ಎರಡು ಅಂಚಲ್ಲಿ ಹಿಡಿದು, ಕಟ್ಟಿನ ಮೇಲೆ ಸಪಾಟಾಗಿ ಬಿಡಿ. ಒಂದು ಮೂಲೆ ಮೊದಲು ಇಳಿಯಬಾರದು. ಆಮೇಲೆ ಎರಡು ಬೆರಳಿನ ಮೆತ್ತೆಯಿಂದ ನಡುವೆ ಒತ್ತಿದರೆ ಅದು ಮುಳುಗುತ್ತೆ.

ತಟ್ಟು ಕೇಳಿದಾಗಲೆಲ್ಲ ಒಂದು ಶೀಟು. ಆರು ಶೀಟಿದ್ದರೆ ಅರ್ಧ ನಿಮಿಷಕ್ಕೆ ಒಂದು ಸುತ್ತು. ಶುರುವಿಗೆ ಎರಡೇ ಶೀಟು ಇಟ್ಟುಕೊಳ್ಳಿ, ಆಮೇಲೆ ನಾಲ್ಕು. ಆರಕ್ಕಿಂತ ಜಾಸ್ತಿ ನಾನು ಯಾರಿಗೂ ಹೇಳಲ್ಲ. ಎರಡೇ ಇದ್ದಾಗ ತಟ್ಟು ಬಿಟ್ಟು ತಟ್ಟಿಗೆ, ಅಂದ್ರೆ ಹತ್ತು ಸೆಕೆಂಡಿಗೊಮ್ಮೆ ಸರಿಸಿದರೆ ಸಾಕು. ಅವಸರ ಬೇಡ. ಕೈ ಬೇಗ ಓಡಿದರೆ ಶೀಟಿನ ಅಂಚಲ್ಲಿ ಡೆವಲಪರ್ ಜೋರಾಗಿ ಹರಿದು ಅಂಚು ದಟ್ಟವಾಗುತ್ತೆ. ಆಕಾಶ ಇರುವ ಚಿತ್ರದಲ್ಲಿ ಇದು ಎದ್ದು ಕಾಣುತ್ತೆ.

ದೀಪ ಆರಿಸಿ

ಹೋಲ್ಡರ್‌ಗಳ (ಶೀಟನ್ನು ಇಟ್ಟು ಕ್ಯಾಮೆರಾಗೆ ಸಿಕ್ಕಿಸುವ ಚೌಕಟ್ಟು) ಡಾರ್ಕ್ ಸ್ಲೈಡ್, ಅಂದ್ರೆ ಫಿಲ್ಮಿಗೆ ಬೆಳಕು ತಾಕದಂತೆ ಮುಚ್ಚುವ ತಟ್ಟೆ, ನೋಡಿಕೊಳ್ಳಿ. ಬಿಳಿ ಅಂಚು ಹೊರಗಿದ್ದರೆ ಇನ್ನೂ ಚಿತ್ರ ತೆಗೆಯದ ಫಿಲ್ಮ್, ಕಪ್ಪಾದರೆ ಚಿತ್ರ ತೆಗೆದದ್ದು ಅಂತ ರೂಢಿ. ಆಮೇಲೆ ಕತ್ತಲು, ಹೋಲ್ಡರ್ ತೆರೆದು ಶೀಟುಗಳನ್ನು ಒಣ ಕೈಗೆ ತನ್ನಿ.

ನೀರಿನ ಟ್ರೇಯಲ್ಲಿ ಒಂದೆರಡು ಸುತ್ತು ಸರಿಸಿ. ಡೆವಲಪರ್‌ಗೆ ಹೋಗುವಾಗ ಮೊದಲನೆಯದರಿಂದ ಶುರುಮಾಡಿ ತಟ್ಟಿಗೊಂದು ಶೀಟು. ಮೊದಲ ಶೀಟು ಒಳಗೆ ಹೋದ ಗಳಿಗೆಯೇ ‘ಶುರು’. ತೆಗೆಯುವಾಗಲೂ ಅದೇ ಕ್ರಮ, ಅದೇ ಅಂತರ. ಹಾಗೆ ಮಾಡಿದರೆ ಎಲ್ಲ ಶೀಟಿಗೂ ಸಮ ಸಮಯ ಸಿಗುತ್ತೆ, ಕೊನೆಯದು ತಡವಾಗಿ ಹೋದದ್ದು ತಡವಾಗಿ ಬರುತ್ತೆ. ಒಂದೊಂದನ್ನೂ ಎತ್ತಿ ಒಂದು ಮೂಲೆಯಿಂದ ಎರಡು ಸೆಕೆಂಡ್ ಸೋರಿಸಿ ಸ್ಟಾಪ್‌ಗೆ ಹಾಕಿ. ಸ್ಟಾಪ್‌ನಲ್ಲಿ ಅರ್ಧ ನಿಮಿಷ. ಅಲ್ಲಿಂದ ಹೈಪೋಗೆ. ಅಲ್ಲೂ ಸರಿಸುವುದು ನಿಲ್ಲಬಾರದು. ಡೆವಲಪರ್ ಮುಗಿಯಿತು ಅಂತ ಕೈ ಸಡಿಲ ಬಿಟ್ಟಾಗಲೇ ಗೀರು ಬೀಳೋದು ಜಾಸ್ತಿ.

ರ‍್ಯಾಪಿಡ್ ಫಿಕ್ಸರ್ ಆದರೆ ಎರಡು ನಿಮಿಷದ ಮೇಲೆ, ಸಾದಾ ಹೈಪೋ ಆದರೆ ಐದಾರು ನಿಮಿಷದ ಮೇಲೆ ದೀಪ ಹಾಕಬಹುದು. ಹಾಲಿನಂಥ ಬಿಳುಪು ಹೋಗಿ ಫಿಲ್ಮ್ ತಿಳಿಯಾಗಲು ಹಿಡಿದ ಸಮಯದ ಎರಡರಷ್ಟು ಹೊತ್ತು ಒಟ್ಟು ಇರಲಿ. ಹೊಸ ಹೈಪೋ ಕಲಸಿದಾಗ ಬೆಳಕಲ್ಲೇ ಒಂದು ಫಿಲ್ಮ್ ತುಂಡು ಅದ್ದಿ ಈ ಸಮಯ ಬರೆದಿಟ್ಟುಕೊಳ್ಳಿ. ಮುಂದೆ ಅದೇ ತುಂಡಿಗೆ ದುಪ್ಪಟ್ಟು ಹೊತ್ತು ಹಿಡಿದ ದಿನ ಆ ಹೈಪೋ ಮುಗಿದಂತೆ.

ಟ್ರೇಯ ನಿಜವಾದ ಲಾಭ

ಹಂಪಿಯ ವಿಠ್ಠಲ ದೇವಸ್ಥಾನದ ಮಂಟಪದ ಒಳಗೆ ನಿಂತು ಹೊರಗಿನ ಬಿಸಿಲನ್ನೂ ಸೇರಿಸಿ ಚಿತ್ರ ತೆಗೆದಿದ್ದೀರಿ ಅಂದುಕೊಳ್ಳಿ. ಒಳಗಿನ ಕಂಬಗಳು ಕತ್ತಲು, ಹೊರಗಿನ ಕಲ್ಲು ಬೆಳ್ಳಗೆ ಉರಿಯುತ್ತಿದೆ. ಕತ್ತಲೆಗೆ ತಕ್ಕಂತೆ ಎಕ್ಸ್‌ಪೋಸ್ ಮಾಡಿದ್ದೀರಿ. ಆ ಶೀಟಿಗೆ ಡೆವಲಪ್ ಸಮಯ ಕಡಿಮೆ ಬೇಕು, ಇಲ್ಲದಿದ್ದರೆ ಹೊರಗಿನ ಬಿಸಿಲು ನೆಗೆಟಿವ್‌ನಲ್ಲಿ ಕಪ್ಪು ಗೋಡೆಯಾಗುತ್ತೆ. ರೋಲ್ ಫಿಲ್ಮಿನಲ್ಲಿ ಒಂದು ಫ್ರೇಮಿಗೆ ಮಾತ್ರ ಹೀಗೆ ಮಾಡಲಾಗದು. ಟ್ರೇಯಲ್ಲಿ ಆಗುತ್ತೆ. ಆ ಶೀಟನ್ನು ನೀರಿನ ಟ್ರೇಯಲ್ಲೇ ಬಿಟ್ಟಿರಿ. ಉಳಿದವು ಡೆವಲಪರ್‌ಗೆ ಹೋಗಿ ಎರಡು ನಿಮಿಷ ಆದ ಮೇಲೆ ಇದನ್ನು ಸೇರಿಸಿ. ಎಲ್ಲವೂ ಒಟ್ಟಿಗೇ ಹೊರಬರಲಿ. ಇದಕ್ಕೆ ಎರಡು ನಿಮಿಷ ಕಡಿಮೆಯಾಯಿತು, ಅಲ್ವಾ? ನಾನು ಈ ಕೆಲಸವನ್ನು ಟ್ರೇಯಲ್ಲೇ ಮಾಡುತ್ತಾ ಬಂದಿರೋದಕ್ಕೆ ಇದೇ ದೊಡ್ಡ ಕಾರಣ.

ಯಾವ ಶೀಟು ಯಾವುದು ಅಂತ ಆಮೇಲೆ ಗೊತ್ತಾಗಲು ಪ್ರತಿ ಹೋಲ್ಡರಿನ ಫಿಲ್ಮ್ ಒಳಹೋಗುವ ರೆಕ್ಕೆಯ ಅಂಚಿಗೆ ಸಣ್ಣ ಅರದಿಂದ ಒಂದು, ಎರಡು, ಮೂರು ಅಂತ ಗುರುತು ಕೊರೆದಿಡಿ. ಆ ಗುರುತು ನೆಗೆಟಿವ್‌ನ ಅಂಚಲ್ಲಿ ಮೂಡುತ್ತೆ.

ಎಕ್ಸ್-ರೇ ಫಿಲ್ಮ್

ಶೀಟ್ ಫಿಲ್ಮಿನ ಬೆಲೆ ನೋಡಿ ಹಿಂದೇಟು ಹಾಕುವವರಿಗೆ ಇದು ಒಳ್ಳೆಯ ದಾರಿ. ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್-ರೇ ಫಿಲ್ಮ್ 8×10 ಇಂಚಿನಲ್ಲಿ ಮೆಡಿಕಲ್ ಸರಂಜಾಮಿನ ಅಂಗಡಿಗಳಲ್ಲಿ ಸಿಗುತ್ತೆ. ಕೆಂಪು ಕಾಣದ ಫಿಲ್ಮ್ ಆದ್ದರಿಂದ ಮಂದ ಕೆಂಪು ದೀಪದಲ್ಲಿ ಕತ್ತರಿಸಬಹುದು, ಚಿತ್ರ ಮೂಡೋದನ್ನು ನೋಡುತ್ತಾ ತೊಳೆಯಬಹುದು. ನಾನು ಇದನ್ನು 80 ಐಎಸ್‌ಓ ಅಂತ ಹಿಡಿದು, ತುಂಬಾ ತೆಳು ಡೆವಲಪರ್‌ನಲ್ಲಿ ತೊಳೆಯುತ್ತೇನೆ. ಇದರ ತೊಂದರೆ ಒಂದೇ. ಎರಡೂ ಕಡೆ ಎಮಲ್ಷನ್ ಇರುತ್ತೆ, ಅದೂ ಬಹಳ ಮೆತ್ತಗೆ. ಹಾಗಾಗಿ ಒಂದು ಸಲಕ್ಕೆ ಒಂದೇ ಶೀಟು. ಟ್ರೇಯ ತಳದಲ್ಲಿ ಗಾಜಿನ ಹಾಳೆ ಇಟ್ಟು, ಟ್ರೇಯ ಅಂಚು ಎತ್ತಿ ಇಳಿಸಿ ದ್ರವ ಓಡಾಡಿಸಿ. ಬೆರಳು ಹಾಕಲೇಬೇಡಿ.

ತೊಳೆದು ಒಣಗಿಸುವುದು

ಇಡೀ ಹೊತ್ತು ನಲ್ಲಿ ಬಿಟ್ಟುಕೊಂಡು ನಿಲ್ಲಬೇಕಿಲ್ಲ. ದೊಡ್ಡ ಟ್ರೇಯಲ್ಲಿ ನೀರು ತುಂಬಿ, ಎರಡು ನಿಮಿಷ ಶೀಟುಗಳನ್ನು ಸರಿಸಿ, ಚೆಲ್ಲಿ, ಮತ್ತೆ ತುಂಬಿ. ಎಂಟು ಹತ್ತು ಸಲ ಬದಲಿಸಿದರೆ ಸಾಕು. ಕೊನೆಗೆ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ವೆಟಿಂಗ್ ಏಜೆಂಟ್ (ಹನಿ ಕಲೆ ಉಳಿಯದಂತೆ ನೀರನ್ನು ಜಾರಿಸುವ ದ್ರವ) ಹಾಕಿ ಒಂದು ನಿಮಿಷ. ಬಟ್ಟೆಯಿಂದ ಒರೆಸಬೇಡಿ, ಬೆರಳಿಂದ ನೀರು ಹಿಂಡಬೇಡಿ.

ಒಣಗಲು ಅದೇ ಬಚ್ಚಲು ಒಳ್ಳೆಯದು. ಮೊದಲು ಬಿಸಿನೀರು ಬಿಟ್ಟು ಆವಿ ತುಂಬಿಸಿದರೆ ಗಾಳಿಯ ಧೂಳು ಕೆಳಗಿಳಿಯುತ್ತೆ. ದಾರ ಕಟ್ಟಿ, ಕ್ಲಿಪ್‌ನಲ್ಲಿ ಒಂದು ಮೂಲೆ ಹಿಡಿದು ನೇತುಹಾಕಿ, ಬಾಗಿಲು ಹಾಕಿ. ನೀರು ಎದುರು ಮೂಲೆಗೆ ಇಳಿದು ತೊಟ್ಟಿಕ್ಕುತ್ತೆ. ಫ್ಯಾನ್ ಹಾಕಬೇಡಿ. ಶೀಟುಗಳ ನಡುವೆ ಗೇಣು ಅಂತರವಿರಲಿ, ಒಣಗುವಾಗ ಸುರುಳಿ ಸುತ್ತಿ ಒಂದಕ್ಕೊಂದು ತಾಕುತ್ತವೆ.

ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತೆ, ಅದನ್ನು ಮೋರಿಗೆ ಚೆಲ್ಲಬೇಡಿ. ಕ್ಯಾನಿನಲ್ಲಿ ಕೂಡಿಸಿಟ್ಟು, ಫಿಕ್ಸರ್‌ನಿಂದ ಬೆಳ್ಳಿ ತೆಗೆಯುವವರಿಗೆ ಕೊಡಿ. ಅಂಥವರು ಸಿಗದಿದ್ದರೆ ಅದರೊಳಗೆ ಸ್ಟೀಲ್ ವುಲ್ ಹಾಕಿಡಿ. ಕಬ್ಬಿಣ ಕರಗುತ್ತೆ, ಬೆಳ್ಳಿ ಕಪ್ಪು ಕೆಸರಾಗಿ ತಳದಲ್ಲಿ ಕೂರುತ್ತೆ.

ಪೂರ್ತಿ ಒಣಗಿದ ನೆಗೆಟಿವ್‌ಗಳಿಗೆ ಒಂದೊಂದು ಲಕೋಟೆ ಇಟ್ಟು, ಅದರ ಮೇಲೆ ಫಿಲ್ಮ್, ಬಿಸಿ, ಸಮಯ, ಹೋಲ್ಡರ್ ಗುರುತು ಬರೆಯಿರಿ. ಬರೆದ ಮೇಲೆ ಹಾಕಬೇಕು, ಹಾಕಿದ ಮೇಲೆ ಬರೆದರೆ ಪೆನ್ನಿನ ಒತ್ತು ಎಮಲ್ಷನ್ ಮೇಲೆ ಬೀಳುತ್ತೆ. ಮಳೆಗಾಲದಲ್ಲಿ ಜೆಲಟಿನ್‌ಗೆ ಬೂಸ್ಟು ಹಿಡಿಯುತ್ತೆ. ಜೂನ್‌ಗೆ ಮುಂಚೆಯೇ ಲಕೋಟೆಗಳನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಡಿ. ತಿಂಗಳಿಗೊಮ್ಮೆ ಆ ಪೊಟ್ಟಣವನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಟ್ಟರಾಯಿತು.